ಓರಗೆಯವರೇ ಪಂಚರಾದಾಗ



ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ 'ದೈವ' ಎಂಬ ಮಾತಿಗೆ ದೇವರೆಂಬುದೊಂದೇ ಅರ್ಥವಲ್ಲ. ಪೇಟೆಯ ಹಿರಿಯರು ಕೂಡಿ ಕುಳಿತರೆ ಅದೂ ದೈವವೇ. ಜಾತ್ರೆಯ ಲೆಕ್ಕ, ಅಣ್ಣತಮ್ಮಂದಿರ ಗೋಡೆಯ ತಂಟೆ, ಕೊಟ್ಟ ಸಾಲದ ತಕರಾರು, ಇವೆಲ್ಲ ಅದರ ಮುಂದೆ ಬರುತ್ತಿದ್ದವು. ಒಬ್ಬನ ಬಾಯಿಯಲ್ಲಿ ಇಲ್ಲದ ತೂಕ ಹತ್ತು ಮಂದಿ ಕೂಡಿ ಆಡಿದ ಮಾತಿಗೆ ಬರುತ್ತದೆಂದು ನಂಬಿದ ಜನ ಈ ಹೆಸರಿಟ್ಟಿರಬೇಕೆಂದು ನನಗೆ ತೋರುತ್ತದೆ. ಆ ದೈವದಲ್ಲಿ ಕೂಡುವವರೆಲ್ಲ ಮೀಸೆ ನರೆತವರು. ಹುಡುಗರಿಗೇನಿದ್ದರೂ ಅಲ್ಲಿ ಚಹಾ ಹಂಚುವ ಕೆಲಸ. ಇಂದು ನಾನು ಆಡಬೇಕೆಂದಿರುವುದು ಆ ಹುಡುಗರ ಮಾತು. ಹುಡುಗರ ತಪ್ಪನ್ನು ಹುಡುಗರೇ ಕುಳಿತು ವಿಚಾರಿಸಬಹುದೆ? ವಿಚಾರಿಸಿದರೆ ಅದು ನ್ಯಾಯವಾದೀತೆ?

ಇದು ಬರಿಯ ಚರ್ಚಾಕೂಟದ ಪ್ರಶ್ನೆಯಲ್ಲ. ಜಮಖಂಡಿ, ಮುಧೋಳ, ಬೀಳಗಿಗಳಿಂದ ವರ್ಷವರ್ಷವೂ ನೂರಾರು ಮಕ್ಕಳು ಟ್ರಂಕು ಹೊತ್ತುಕೊಂಡು ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡಗಳ ವಸತಿ ನಿಲಯಗಳಿಗೆ ಹೋಗುತ್ತಾರೆ. ಮನೆ ಬಿಟ್ಟು ಓದುವುದು ನಮ್ಮ ಸೀಮೆಗೆ ಹೊಸದೇನಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಒಂದು ಶಾಸನವಿದೆ. ಹೊರನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ 27 ಮನೆಗಳನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿ ಬರುತ್ತದೆ. ಆ ಮನೆಗಳಲ್ಲಿ ದೊಡ್ಡ ಹುಡುಗರು ಸಣ್ಣವರಿಂದ ನೀರು ಹೊರಿಸುತ್ತಿದ್ದರೋ ಏನೋ, ಶಾಸನ ಅದನ್ನು ಹೇಳುವುದಿಲ್ಲ. ಶಾಸನಗಳು ದಾನವನ್ನು ಹೇಳುತ್ತವೆ, ಕೋಣೆಯೊಳಗಿನ ಅಳುವನ್ನಲ್ಲ.

ಆ ಅಳುವಿಗೆ ಈಗ 'ರ‍್ಯಾಗಿಂಗ್' ಎಂಬ ಹೆಸರಿದೆ. ಪರಿಚಯ ಮಾಡಿಕೊಳ್ಳುವುದೆಂಬ ನೆವದಲ್ಲಿ ಹೊಸಬನನ್ನು ನಿಲ್ಲಿಸಿ, ಕುಣಿಸಿ, ಬೈದು, ಕೆಲವೊಮ್ಮೆ ಹೊಡೆದು ನಗುವ ಈ ಆಟದಲ್ಲಿ ಜೀವಗಳೂ ಹೋಗಿವೆ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮ ಇದನ್ನು ಅಪರಾಧವೆಂದಿತು. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯ ವಿದ್ಯಾರ್ಥಿಗಳ ಹೊಡೆತದಿಂದ ಒಬ್ಬ ಹುಡುಗ ಸತ್ತ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ ನಿಯಮಾವಳಿಯೊಂದನ್ನು ಹೊರಡಿಸಿ, ಪ್ರತಿ ಕಾಲೇಜಿನಲ್ಲಿ ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕೆಂದು ವಿಧಿಸಿತು. ಅದರಲ್ಲಿ ಪ್ರಾಚಾರ್ಯರು, ಪೊಲೀಸರು, ಅಧ್ಯಾಪಕರು, ಪಾಲಕರು ಇರುತ್ತಾರೆ. ಅವರ ಜೊತೆಗೆ ಹಿರಿಯ ವಿದ್ಯಾರ್ಥಿಗಳ ಪ್ರತಿನಿಧಿಗಳೂ, ಆ ವರ್ಷವೇ ಬಂದ ಹೊಸಬರ ಪ್ರತಿನಿಧಿಗಳೂ ಇರತಕ್ಕದ್ದೆಂದು ಬರೆದಿದೆ. ಈ ಕೊನೆಯ ಮಾತನ್ನು ಓದಿದಾಗ ನನಗೆ ಸಂತೋಷವಾಯಿತು. ಹೆದರಿದವನಿಗೇ ಪಂಚರ ಸಾಲಿನಲ್ಲಿ ಕುರ್ಚಿ ಹಾಕಿದ್ದಾರಲ್ಲ!

ಈ ವಿಷಯದಲ್ಲಿ ಅಮೆರಿಕದ ಅನುಭವ ನಮಗಿಂತ ಹಳೆಯದು. ಅಲ್ಲಿನ ಕಾಲೇಜುಗಳಲ್ಲಿ ಹುಡುಗರಿಗೆ ಫ್ರಟರ್ನಿಟಿ, ಹುಡುಗಿಯರಿಗೆ ಸೊರೊರಿಟಿ ಎಂಬ ಸಂಘಗಳುಂಟು. ಲ್ಯಾಟಿನ್ನಿನ 'ಫ್ರಾತೆರ್' ನಮ್ಮ ಸಂಸ್ಕೃತದ ಭ್ರಾತೃವಿನ ಒಡಹುಟ್ಟು, 'ಸೊರೊರ್' ಸ್ವಸೃವಿನ ಬಂಧು. ಶಬ್ದಗಳಲ್ಲಾದರೂ ಸೋದರಭಾವ ಕೆಟ್ಟಿಲ್ಲ. 1776ರಲ್ಲಿ ಹುಟ್ಟಿದ ಫೈ ಬೀಟಾ ಕಪ್ಪ ಎಂಬ ಕೂಟದಿಂದ ಮೊದಲಾಗಿ ಇವು ಗ್ರೀಕ್ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡು ಬಂದಿವೆ. ಸದಸ್ಯರು ಒಂದೇ ಮನೆಯಲ್ಲಿ ಇರುವುದೂ ಉಂಟು. ಹೊಸಬನನ್ನು ಸೇರಿಸಿಕೊಳ್ಳುವಾಗ ನಡೆಯುವ ಪೀಡನೆ ಅಲ್ಲಿಯೂ ಇದೆ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯ ರಾಜ್ಯದ ಇಂಥ ಒಂದು ಮನೆಯಲ್ಲಿ 19 ವರ್ಷದ ಹುಡುಗನಿಗೆ ಒತ್ತಾಯದಿಂದ ಮದ್ಯ ಕುಡಿಸಿದರು. ಅವನು ಮೆಟ್ಟಿಲಿನಿಂದ ಬಿದ್ದ ಮೇಲೆ ಆ 'ಸೋದರರು' ಸುಮಾರು 12 ಗಂಟೆಗಳ ಕಾಲ ವೈದ್ಯರನ್ನು ಕರೆಯಲಿಲ್ಲ. ಅವನು ಬದುಕಲಿಲ್ಲ. 2024ರ ಡಿಸೆಂಬರಿನಲ್ಲಿ ಆ ದೇಶ, ಇಂಥ ಪ್ರಸಂಗಗಳನ್ನು ಕಾಲೇಜುಗಳು ಬಚ್ಚಿಡದೆ ಪ್ರಕಟಿಸಬೇಕೆಂಬ ಕಾನೂನನ್ನು ಮಾಡಿತು.

ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಈ ಸಂಘಗಳ ಮೇಲೆ ದೂರು ಬಂದಾಗ ಕೇಳಲು ವಿದ್ಯಾರ್ಥಿಗಳೇ ಕೂಡುವ ವಿಚಾರಣಾ ಮಂಡಳಿಗಳಿವೆ. ಬೇರೆ ಬೇರೆ ಸಂಘಗಳಿಂದ ಆರಿಸಿದ ಹುಡುಗ ಹುಡುಗಿಯರಿಗೆ ಮೊದಲು ತರಬೇತಿ ಕೊಡುತ್ತಾರೆ. ದೂರು ಯಾರ ಸಂಘದ ಮೇಲಿದೆಯೋ ಅವರು ಆ ದಿನ ಎದ್ದು ಹೊರಗೆ ಹೋಗಬೇಕು. ಕೇಳಿದ್ದನ್ನು ಹೊರಗೆ ಆಡಕೂಡದು. ನ್ಯಾಯಾಲಯದಲ್ಲಿ ಬೇಕಾಗುವಷ್ಟು ಗಟ್ಟಿ ಸಾಕ್ಷ್ಯ ಅಲ್ಲಿ ಬೇಕಿಲ್ಲ. ತಕ್ಕಡಿ ಯಾವ ಕಡೆ ಬಾಗುತ್ತದೆಂದು ನೋಡಿದರೆ ಸಾಕು. ಹೆಣಬಿದ್ದ ಪ್ರಕರಣಗಳು ಪೊಲೀಸರಿಗೇ ಸೇರಿದವು, ಅದು ಬೇರೆ ಮಾತು.

ನಮ್ಮ ಹಿರಿಯರು ಇದಕ್ಕೆ ತೆಗೆಯುವ ಆಕ್ಷೇಪಣೆಗಳು ನನಗೆ ಗೊತ್ತು. "ಕಳ್ಳನ ಕೈಯಾಗ ಕೀಲಿಕೈ ಕೊಟ್ಟಂಗಾತಲ್ರೀ ಮಾಸ್ತರ," ಎಂದು ನನ್ನ ಮಿತ್ರರೊಬ್ಬರು ಹೇಳುತ್ತಾರೆ. ಹುಡುಗರು ತಮ್ಮವರನ್ನು ಬಿಟ್ಟುಕೊಡುವುದಿಲ್ಲ ಎಂಬುದು ಅವರ ಭಯ. ನನ್ನ ಭಯ ಅದಕ್ಕೆ ತಿರುಗುಮುರುಗು. ಅಧಿಕಾರ ಹೊಸದಾಗಿ ಸಿಕ್ಕ ಹುಡುಗ ಬಿಡುವುದಿಲ್ಲ, ಮುರಿಯುತ್ತಾನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ವಸತಿ ಶಾಲೆಯಲ್ಲಿ ಇಂಥ ವಿಚಾರಣೆಯೊಂದನ್ನು ಮೂಲೆಯಲ್ಲಿ ಕುಳಿತು ನೋಡಿದೆ. ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರದಲ್ಲಿದ್ದ ಬೀಳಗಿ ಕಡೆಯ ಕುಟುಂಬದ ಹುಡುಗ, ಎಂಟನೆಯ ಇಯತ್ತೆ. ಅವನ ಟ್ರಂಕಿನ ಕೀಲಿ ಮುರಿದು ಹತ್ತನೆಯ ಇಯತ್ತೆಯ ಇಬ್ಬರು ಶೇಂಗಾ ಉಂಡಿ ತಿಂದಿದ್ದರು. ಐದು ಮಂದಿ ವಿದ್ಯಾರ್ಥಿಗಳು ಪಂಚರು. ವಾರ್ಡನ್ನರಿಗೆ ಇದೊಂದು ಉಂಡಿಯ ಕಳವು, ಅಷ್ಟೇ. ಪಂಚರಲ್ಲಿ ಒಬ್ಬ ಕೇಳಿದ: "ಕೀಲಿ ಮುರಿದಾಗ ನೀ ಎಲ್ಲಿದ್ದೀ?" ಹುಡುಗ, "ಬಿಸಿನೀರಿನ ಪಾಳೇದಾಗ ನಿಂತಿದ್ನಿ," ಎಂದ. "ನಿಮ್ಮ ಪಾಳೆ ಏಳರ ಮ್ಯಾಲ ಬರ್ತೈತಿ. ಐದಕ್ಕ ಯಾಕ ನಿಂತಿದ್ದೀ?" ಹುಡುಗ ಸುಮ್ಮನಾದ. ನಾವು ಹಿರಿಯರು ಯಾರೂ ಆ ಪ್ರಶ್ನೆಯನ್ನು ಕೇಳುವಂತಿರಲಿಲ್ಲ. ಬಿಸಿನೀರಿನ ಪಾಳಿ ನಮಗೆಲ್ಲಿ ಗೊತ್ತು? ಬಿಡಿಸಿ ಬಿಡಿಸಿ ಕೇಳಿದಾಗ ಹೊರಬಿದ್ದದ್ದು ಇಷ್ಟು: ಮೂರು ತಿಂಗಳಿಂದ ದಿನಾ ನಸುಕಿನಲ್ಲಿ ಅವನು ಆ ಇಬ್ಬರ ಬಕೀಟು ಹೊರುತ್ತಿದ್ದ, ಅಂಗಿ ಒಗೆಯುತ್ತಿದ್ದ. ಉಂಡಿ ಕೊನೆಯ ಮಾತು.

ಆಮೇಲೆ ಶಿಕ್ಷೆಯ ವಿಚಾರ. ಮೂವರು ಪಂಚರು ಒಂದೇ ಉಸಿರಿಗೆ, "ಹಾಸ್ಟೆಲ್ ಬಿಡಸ್ರಿ," ಎಂದರು. ಬನಹಟ್ಟಿಯ ಹುಡುಗನೊಬ್ಬ ಮಾತ್ರ ಮೆಲ್ಲಗೆ, "ಮನಿಗಿ ಕಳಿಸಿದ್ರ ಇಂವನ್ನ ನಾಳೇನ ಮಗ್ಗಕ್ಕ ಹಚ್ತಾರ್ರಿ. ಸಾಲಿ ಮುಗೀತು," ಎಂದ. ಅವನ ಮನೆಯಲ್ಲೂ ವಿದ್ಯುತ್ ಮಗ್ಗಗಳು ಓಡುತ್ತಿದ್ದವು, ತಿಳಿದೇ ಆಡಿದ. ಕೊನೆಗೆ ಆ ಇಬ್ಬರಿಂದ ಕೋಣೆಯ ಮುಖಂಡತನ ಕಿತ್ತುಕೊಂಡರು, ಟ್ರಂಕಿನ ಬೆಲೆ ಕಟ್ಟಿಸಿದರು, ಒಂದು ತಿಂಗಳು ಜ್ವರದಲ್ಲಿ ಮಲಗಿದವರಿಗೆ ನೀರು ಹೊರುವ ಕೆಲಸ ಹಚ್ಚಿದರು. ಸಣ್ಣವನನ್ನು, ನಿನಗೇನು ಬೇಕೆಂದು ಕೇಳಿದರೆ, "ಡಬ್ಬಿ ಕೊಡಸ್ರಿ ಅಣ್ಣಾರ, ಅವ್ವನ ಡಬ್ಬಿ ಐತ್ರಿ ಅದು," ಎಂದ.

ಪೋಲೆಂಡಿನಲ್ಲಿ ಯಾನುಷ್ ಕೋರ್ಚಾಕ್ ಎಂಬ ವೈದ್ಯರಿದ್ದರು. ವಾರ್ಸಾ ನಗರದಲ್ಲಿ 1912ರಲ್ಲಿ ತೆರೆದ ಅನಾಥಾಲಯದ ಹೊಣೆ ಹೊತ್ತು, ಅಲ್ಲಿ ಮಕ್ಕಳ ನ್ಯಾಯಾಲಯವೊಂದನ್ನು ನಡೆಸಿದರು. ಮಕ್ಕಳೇ ನ್ಯಾಯಾಧೀಶರು, ಅವರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಅದಕ್ಕೊಂದು ಸಂಹಿತೆ. ಅದರ ಮೊದಲ 99 ಕಲಮುಗಳೂ ಬಿಟ್ಟುಬಿಡುವ ಕಲಮುಗಳೇ. ಹೊರಗೆ ಹಾಕುವುದು 1000ನೆಯ ಕಲಮು. ಹುಡುಗರು ಮುರಿಯುವ ಕಡೆಗೆ ಹೋಗುತ್ತಾರೆಂದು ಬಲ್ಲ ಆತ, ಕ್ಷಮೆಯ ದಾರಿಯನ್ನು ಉದ್ದವಾಗಿಯೂ ಅಗಲವಾಗಿಯೂ ಹಾಕಿಟ್ಟಿದ್ದರು. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಅರ್ಧ ವರ್ಷದಲ್ಲಿ 5 ಸಲ ಆ ನ್ಯಾಯಾಲಯದ ಮುಂದೆ ಕೋರ್ಚಾಕರೇ ನಿಂತರು. ಒಮ್ಮೆ ಹುಡುಗನ ಕಿವಿಗೆ ಹೊಡೆದದ್ದಕ್ಕೆ, ಒಮ್ಮೆ ಹುಡುಗಿಯೊಬ್ಬಳನ್ನು ಕಳ್ಳಿಯೆಂದು ಶಂಕಿಸಿದ್ದಕ್ಕೆ. 1942ರ ಜುಲೈಯಲ್ಲಿ ಈ ಮಕ್ಕಳು ರವೀಂದ್ರರ 'ಡಾಕ್ ಘರ್' ನಾಟಕವನ್ನು ಆಡಿದರು. ಆಗಸ್ಟಿನಲ್ಲಿ ನಾಜಿಗಳು ಅವರನ್ನು ಟ್ರೆಬ್ಲಿಂಕದ ಸಾವಿನ ಮನೆಗೆ ಒಯ್ದಾಗ ಕೋರ್ಚಾಕರೂ ಬಿಡದೆ ಜೊತೆಗೆ ಹೋದರು. ಮಾಸ್ತರನ ತಪ್ಪನ್ನೂ ಮುಂದಿಡಬಹುದಾದ ಮಂಡಳಿಯಲ್ಲಿ ಹುಡುಗರ ಮಾತಿಗೆ ಬೆಲೆ ಇರುತ್ತದೆ. ಇಂಥ ಸಮಿತಿಗಳಲ್ಲಿ ವಿದ್ಯಾರ್ಥಿಯ ಹೆಸರನ್ನು ಪಟ್ಟಿಯಲ್ಲಿ ಬರೆದು, ಸಭೆ ಮುಗಿದ ಮೇಲೆ ಸಹಿ ಹಾಕಿಸಿಕೊಂಡರೆ ಅದು ಚಹಾ ಹಂಚುವ ಹುಡುಗನ ಪಾಡೇ ಸರಿ.

ಮುಧೋಳ ಕವಿಚಕ್ರವರ್ತಿ ರನ್ನನ ಊರು. ಗದಾಯುದ್ಧವನ್ನು ಪಾಠ ಮಾಡುವಾಗ ನಾನು ಹುಡುಗರಿಗೆ ಭಾರತದ ಬಲರಾಮನ ಪ್ರಸಂಗವನ್ನು ಹೇಳುವುದುಂಟು. ಭೀಮ ದುರ್ಯೋಧನರಿಬ್ಬರಿಗೂ ಗದೆ ಕಲಿಸಿದ ಗುರು ಅವನು; ಒಲವು ಮಾತ್ರ ದುರ್ಯೋಧನನ ಕಡೆ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ನಿಯಮ. ಭೀಮ ತೊಡೆಗೆ ಹೊಡೆದ. ಬಲರಾಮ ನೇಗಿಲೆತ್ತಿದ. ಕೃಷ್ಣ ತಡೆದು, ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅವಮಾನವನ್ನೂ ಅಂದಿನ ಪ್ರತಿಜ್ಞೆಯನ್ನೂ ನೆನಪಿಸಿದ. ಬಲರಾಮ ಒಪ್ಪದೆ ದ್ವಾರಕೆಗೆ ಹೊರಟುಹೋದ. ವಿಚಾರಿಸಬೇಕಾದದ್ದು ಇಂದಿನ ಒಂದು ಪೆಟ್ಟನ್ನೋ, ಅದರ ಹಿಂದಿನ ವರ್ಷಗಳನ್ನೋ? ಪಂಚನಾಗಿ ಕುಳಿತ ಹುಡುಗನಿಗೆ ಈ ಪ್ರಶ್ನೆ ಪ್ರತಿ ಸಲವೂ ಎದುರಾಗುತ್ತದೆ. ಒಲವಿರುವವನು ತೀರ್ಪಿಗೆ ಮೊದಲೇ ಎದ್ದು ಹೋಗುವುದು ಮೇಲು.

ತೀರ್ಪು ಹೇಳಿದ ಹುಡುಗನಿಗೆ ಆ ರಾತ್ರಿಯ ಊಟ ಆರೋಪಿಯ ಪಂಕ್ತಿಯಲ್ಲೇ. ನ್ಯಾಯಾಧೀಶರಿಗೆ ಬಂಗಲೆಯುಂಟು, ಇವನಿಗೆ ಅದೇ ಓಣಿಯ ಕೋಣೆ. ಯಾರು ಯಾವ ಕಡೆ ಕೈ ಎತ್ತಿದರೆಂಬುದು ಹೊರಬಿದ್ದರೆ ಮುಂದಿನ ಸಲ ಕೈ ಏಳುವುದಿಲ್ಲ. ಗುಟ್ಟು ಕಾಯುವ ಹೊಣೆ ಹುಡುಗರಿಗಿಂತ ಹೆಚ್ಚಾಗಿ ನಮ್ಮದು. ಅಧ್ಯಾಪಕರ ಕೋಣೆಯಿಂದ ಸೋರಿದಷ್ಟು ಮಾತು ವಿದ್ಯಾರ್ಥಿ ನಿಲಯದಿಂದ ಸೋರುವುದಿಲ್ಲ.

2009ರ ನಿಯಮಾವಳಿಯಲ್ಲಿ ನನಗೆ ಒಪ್ಪಿಗೆಯಾಗದ ಅಂಶವೂ ಒಂದಿದೆ. ತಪ್ಪಿತಸ್ಥರು ಯಾರೆಂದು ತಿಳಿಯದಿದ್ದರೆ ಗುಂಪಿಗೆಲ್ಲ ಶಿಕ್ಷೆ ಎಂದಿದೆ. ಬಾಯಿ ಬಿಡಿಸುವ ಉಪಾಯ ಅದೆಂದು ಬಲ್ಲೆ. ಆದರೆ ಐವತ್ತು ಮಂದಿ ನಿರಪರಾಧಿಗಳ ಸಿಟ್ಟು ದೂರು ಕೊಟ್ಟ ಒಬ್ಬನ ಮೇಲೆ ತಿರುಗಿದರೆ ಅವನು ಎಲ್ಲಿಗೆ ಹೋಗಬೇಕು? ಬಿಸಿನೀರಿನ ಪಾಳಿ ಬಲ್ಲ ಇಬ್ಬರು ಹುಡುಗರು ಸಮಿತಿಯಲ್ಲಿ ಬಾಯಿಬಿಟ್ಟು ಕೂತಿದ್ದರೆ ಈ ಕಲಮಿನ ಅಗತ್ಯ ಅಪರೂಪವಾದೀತು.

ಮಗನನ್ನೋ ಮಗಳನ್ನೋ ಹೊಸ ಕಾಲೇಜಿಗೆ ಸೇರಿಸಲು ಹೋಗುವ ತಂದೆತಾಯಿಗಳು ಕೋಣೆ, ಊಟ, ಫೀಗಳನ್ನು ವಿಚಾರಿಸಿ ಬರುತ್ತಾರೆ. ಸಮಿತಿಯ ಹೆಸರುಗಳನ್ನು ಎಲ್ಲಿ ಹಚ್ಚಿದ್ದಾರೆಂದೂ ಕೇಳಿ ನೋಡಿರಿ. ಅದರಲ್ಲಿ ಹೊಸ ವಿದ್ಯಾರ್ಥಿಯ ಹೆಸರು ಉಂಟೆ, ಹುಡುಗಿಯರ ಹೆಸರು ಉಂಟೆ, ಕಳೆದ ವರ್ಷ ಅದು ಎಷ್ಟು ಸಲ ಕೂಡಿತ್ತು, ಇಷ್ಟನ್ನು ಪ್ರಾಚಾರ್ಯರನ್ನೇ ಕೇಳಬಹುದು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-180-5522. ಹಗಲಿರುಳೂ ತೆರೆದಿರುತ್ತದೆ, ಕರೆಗೆ ಹಣವಿಲ್ಲ. ರೊಟ್ಟಿ, ಚಟ್ನಿಪುಡಿಯ ಡಬ್ಬಿ ಕಟ್ಟುವಾಗ ಒಂದು ಚೀಟಿಯಲ್ಲಿ ಅದನ್ನೂ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ ಕಳಿಸಿರಿ.