ಒಮ್ಮೆ ಮಾತ್ರ ಬಿಗಿಯುವ ಪಟ್ಟಿ

ಬಳಸಿ ನೋಡಿ ಪರೀಕ್ಷಿಸಲಾಗದ ವಸ್ತುಗಳು ಲೋಕದಲ್ಲಿ ಕೆಲವಿವೆ. ಬೆಂಕಿಕಡ್ಡಿ ಅಂಥದೊಂದು. ಗೀರಿ ನೋಡಿದಾಗ ಕಡ್ಡಿ ಚೆನ್ನಾಗಿತ್ತೆಂಬುದು ತಿಳಿಯುತ್ತದೆ. ಆದರೆ ಆ ಹೊತ್ತಿಗೆ ಕಡ್ಡಿಯೇ ಇರುವುದಿಲ್ಲ. ಇಂದ್ರನಿಂದ ಕರ್ಣನಿಗೆ ದೊರೆತ ಶಕ್ತ್ಯಾಯುಧವೂ ಇದೇ ಜಾತಿಯದು. ಇಂದಿನ ಮೋಟಾರು ಕಾರುಗಳಲ್ಲಿ ಮುಂದಿನ ಆಸನದ ಪಕ್ಕದಲ್ಲಿ ಇಂಥದೇ ಒಂದು ಸಾಧನ ಅಡಗಿ ಕುಳಿತಿರುತ್ತದೆ. ಅದಕ್ಕೆ ಪ್ರಿಟೆನ್ಷನರ್ ಎಂದು ಹೆಸರು. 'ಮುನ್ಬಿಗಿತ' ಎಂದು ಕನ್ನಡಿಸಬಹುದೇನೋ. ಆದರೆ ಅದನ್ನು ಕಳಚಿ ಕೂಡಿಸುವ ಹುಡುಗರು ಆಡದ ಮಾತನ್ನು ಅವರ ಮೇಲೆ ಹೇರುವ ಹಂಬಲ ನನಗಿಲ್ಲ.

ಭುಜದಿಂದ ಸೊಂಟಕ್ಕೆ ಇಳಿದು ಮೂರು ಕಡೆ ಹಿಡಿದು ನಿಲ್ಲುವ ಇಂದಿನ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೊ ಕಾರುಗಳಿಗೆ ರೂಪಿಸಿಕೊಟ್ಟವನು ಸ್ವೀಡನ್ನಿನ ನಿಲ್ಸ್ ಬೋಲಿನ್. ಪಟ್ಟಿ ಎಷ್ಟೇ ಗಟ್ಟಿಯಾಗಿರಲಿ, ದೇಹಕ್ಕೂ ಅದಕ್ಕೂ ನಡುವೆ ಸಡಿಲ ಉಳಿದೇ ಉಳಿಯುತ್ತದೆ. ಡಿಕ್ಕಿಯ ಕ್ಷಣದಲ್ಲಿ ದೇಹ ಆ ಸಡಿಲದಷ್ಟು ದೂರ ಮುಂದಕ್ಕೆ ಚಿಮ್ಮಿ ಆಮೇಲೆ ಪಟ್ಟಿಗೆ ಬಡಿಯುತ್ತದೆ. ಈ ಸಡಿಲವನ್ನು ಮೊದಲೇ ಎಳೆದುಕೊಂಡುಬಿಡುವ ಉಪಾಯ 1981ರ ಸುಮಾರಿಗೆ ಮರ್ಸಿಡಿಸ್ ಬೆಂಜ್ ಕಂಪನಿಯ ದೊಡ್ಡ ಕಾರುಗಳಲ್ಲಿ, ಗಾಳಿಚೀಲದ ಜೊತೆಗೇ ಬಂದಿತು. ಒಳಗೊಂದು ಚಿಟಿಕೆ ಸಿಡಿಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಕೂದಲೆಳೆಯ ತಂತಿ. ಡಿಕ್ಕಿಯಾಯಿತೆಂದು ಕಾರಿನ ಯಂತ್ರಕಕ್ಕೆ ಅರಿವಾದೊಡನೆ ತಂತಿ ಕಾಯುತ್ತದೆ, ಮದ್ದು ಸಿಡಿಯುತ್ತದೆ, ಪಟ್ಟಿ ಬಿಗಿಯುತ್ತದೆ. ಇಷ್ಟೆಲ್ಲ ನಡೆಯುವುದು ನಾವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ. ಒಮ್ಮೆ ಸಿಡಿದ ಮೇಲೆ ಅದು ಕಸ.

ಹಾಗಾದರೆ ಅದು ನೆಟ್ಟಗಿದೆಯೆಂದು ತಿಳಿಯುವುದು ಹೇಗೆ? ಇಂಜಿನಿಯರುಗಳು ಕಂಡುಕೊಂಡ ದಾರಿ ಸೊಗಸಾಗಿದೆ. ಆ ತಂತಿಯ ವಿದ್ಯುತ್ ರೋಧ ಸಾಮಾನ್ಯವಾಗಿ 2 ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ಅದನ್ನು ಉರಿಸಲು 1 ಆಂಪಿಯರಿಗಿಂತ ಸ್ವಲ್ಪ ಹೆಚ್ಚು ವಿದ್ಯುತ್ತು ಸಾಕು. ಯಂತ್ರಕವು ಅದರ ಸಣ್ಣದೊಂದು ಅಂಶದಷ್ಟನ್ನು, ಮದ್ದು ಎಚ್ಚರಗೊಳ್ಳದ ಹಾಗೆ ಹರಿಸಿ, ರೋಧವನ್ನು ಮತ್ತೆ ಮತ್ತೆ ಅಳೆಯುತ್ತಿರುತ್ತದೆ. ಮಲಗಿದ ಮಗುವಿನ ಮೂಗಿನ ಬಳಿ ತಾಯಿ ಬೆರಳಿಟ್ಟು ನೋಡಿದ ಹಾಗೆ. ಅಳತೆ ಮಿತಿ ಮೀರಿದರೆ ಮುಂದಿನ ಫಲಕದಲ್ಲಿ ದೀಪವೊಂದು ಹತ್ತಿ ಆರದೆ ನಿಲ್ಲುತ್ತದೆ. ಕುಳಿತ ಮನುಷ್ಯ, ಅವನ ಮುಂದೊಂದು ಗುಂಡು: ಇದು ಅದರ ಚಿತ್ರ. ಬೆಲ್ಟು ಹಾಕಿಕೊಳ್ಳಿರೆಂದು ನೆನಪಿಸುವ ದೀಪ ಬೇರೆ. ಎರಡನ್ನೂ ಒಂದೆಂದು ಭಾವಿಸುವವರು ಬಹಳ. ಗುಂಡಿನ ಚಿತ್ರದ ದೀಪ ಆರದಿರುವಾಗ, ಅಪಘಾತದಲ್ಲಿ ಪಟ್ಟಿ ಬಿಗಿದೀತು, ಗಾಳಿಚೀಲ ಅರಳೀತು ಎಂದು ನಂಬಿ ಕೂಡುವಂತಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕಾರಿನಲ್ಲಿ ಈ ದೀಪ ಹತ್ತಿತು. ಮೊದಲು ಹೋದ ಒಂದು ಅಂಗಡಿಯಲ್ಲಿ ಹೇಳಿದ ಪರಿಹಾರ ಕೇಳಿ ನಾನು ಬೆರಗಾದೆ. ಸಾಧನದ ಕೊಂಡಿಯನ್ನು ಕಿತ್ತು, ಆ ಜಾಗದಲ್ಲಿ ಅಷ್ಟೇ ರೋಧದ ಅಗ್ಗದ ತುಂಡೊಂದನ್ನು ಸಿಕ್ಕಿಸಿದರೆ ದೀಪ ಆರುತ್ತದಂತೆ. ಆರುತ್ತದೆ, ನಿಜ. ಯಂತ್ರಕ ಕೇಳುವ ಪ್ರಶ್ನೆ ಒಂದೇ, ಅದಕ್ಕೆ ಸರಿಯಾದ ಉತ್ತರವೂ ಸಿಗುತ್ತದೆ. ಉತ್ತರಿಸಿದವನು ಮಾತ್ರ ಬೇರೆ. ಡಿಕ್ಕಿಯಾದಾಗ ಆ ತುಂಡು ಬಿಸಿಯಾದೀತೇ ಹೊರತು ಯಾರನ್ನೂ ಹಿಡಿದು ನಿಲ್ಲಿಸದು. ಮುಂದೆ ಆ ಕಾರನ್ನು ಕೊಂಡವನಿಗೆ ಇದು ತಿಳಿಯುವ ಬಗೆಯೂ ಇಲ್ಲ; ಬೀಗ ತಿರುಗಿಸಿದೊಡನೆ ದೀಪ ಹತ್ತಿ, ಕೆಲವು ಕ್ಷಣಗಳಲ್ಲಿ ಸಭ್ಯವಾಗಿ ಆರುತ್ತದೆ. ದೀಪದ ಬಲ್ಬನ್ನೇ ಕಿತ್ತಿಟ್ಟ ಮೋಸ ಇದಕ್ಕಿಂತ ವಾಸಿ. ಅಲ್ಲಿ ದೀಪ ಹತ್ತುವುದೇ ಇಲ್ಲವಾದ್ದರಿಂದ ಕಣ್ಣಿಟ್ಟು ನೋಡುವವನಿಗೆ ಗುಮಾನಿಯಾದರೂ ಬರುತ್ತದೆ.

ಎರಡನೆಯ ಕಡೆ ಕಂಡ ತರುಣ ಬೇರೆ ಧಾತುವಿನವನು. ಕೇಳುಗರೇ, ನಮ್ಮ ಭಾಷೆಯಲ್ಲಿ ಎರಡು ಪದಗಳಿವೆ: ರೋಗದ ಮೂಲವನ್ನು ಹುಡುಕುವುದು ನಿದಾನ, ಅವಸರವಿಲ್ಲದಿರುವುದು ನಿಧಾನ. ನಡುವಿನ ವ್ಯತ್ಯಾಸ ಒಂದು ಮಹಾಪ್ರಾಣದ್ದು. ತರಗತಿಯಲ್ಲಿ ಎಷ್ಟೋ ವರ್ಷ ಇವೆರಡನ್ನೂ ಬೇರ್ಪಡಿಸಿ ತೋರಿಸಿದ್ದೇನೆ. ಈ ಹುಡುಗನ ಕೆಲಸದಲ್ಲಿ ಅವು ಕೂಡಿಯೇ ಇದ್ದವು. ಕೈಯಲ್ಲಿ ಹಿಡಿಯುವ ಉಪಕರಣವನ್ನು ಕಾರಿಗೆ ಜೋಡಿಸಿ, ಚಾಲಕನ ಕಡೆಯ ಪ್ರಿಟೆನ್ಷನರ್ ಮಂಡಲದಲ್ಲಿ ರೋಧ ಹೆಚ್ಚಿದೆಯೆಂದು ಓದಿಕೊಂಡ. "ಮಂಡಲ ಅಂತ ಹೇಳ್ತದೆ ಸಾರ್, ಸಾಮಾನು ಅಂತ ಹೇಳೋದಿಲ್ಲ" ಎಂದ. ಎಂಥ ಸೂಕ್ಷ್ಮವಾದ ಮಾತು! ಮಂಡಲವೆಂದರೆ ಯಂತ್ರಕ, ತಂತಿ, ಕೊಂಡಿ, ಸಾಧನ ಎಲ್ಲವೂ ಸೇರಿದ್ದು. ಇದನ್ನು ಮರೆತವರು ದುಬಾರಿ ಬೆಲ್ಟನ್ನೇ ಬದಲಿಸಿ, ದೀಪ ಮತ್ತೆ ಹತ್ತಿದಾಗ ಕಕ್ಕಾಬಿಕ್ಕಿಯಾಗುತ್ತಾರೆ.

ಆತ ಬ್ಯಾಟರಿಯ ತಂತಿ ಕಳಚಿ ಸುಮ್ಮನೆ ಕುಳಿತ. ಯಂತ್ರಕದೊಳಗೆ ಉಳಿದ ವಿದ್ಯುತ್ತು ಇಳಿದುಹೋಗುವ ತನಕ, ತಯಾರಕರ ಪುಸ್ತಕ ಹೇಳಿದಷ್ಟು ಹೊತ್ತು ಕಾಯಬೇಕಂತೆ. ಡಿಕ್ಕಿಯಲ್ಲಿ ಬ್ಯಾಟರಿಯೇ ಜಜ್ಜಿಹೋದರೂ ಮದ್ದು ಸಿಡಿಯಲೆಂದು ಅಲ್ಲಿ ಆ ಶೇಖರಣೆ. ಮೀಟರನ್ನು ಅವನು ಸಾಧನಕ್ಕೆ ತಾಗಿಸಲೇ ಇಲ್ಲ, ಏಕೆಂದರೆ ಮೀಟರು ಹರಿಸುವ ವಿದ್ಯುತ್ತೇ ಕಿಡಿಯಾಗಿ ಪರಿಣಮಿಸಬಹುದು. ಹಳದಿ ಬಣ್ಣದ ಕೊಂಡಿಯನ್ನು ಬಿಡಿಸಿ, ಸಾಧನಕ್ಕೆ ಬದಲಾಗಿ ಪರೀಕ್ಷೆಗೆಂದೇ ಮಾಡಿದ 2 ಓಮಿನ ತುಂಡನ್ನು ಜೋಡಿಸಿದ. ಹೌದು, ಆ ವಂಚನೆಯ ತುಂಡಿನ ಸೋದರನೇ. ದೂರು ನಿಂತುಹೋದರೆ ದೋಷ ಸಾಧನದಲ್ಲಿ ಅಥವಾ ಅದರ ಕೊಂಡಿಯಲ್ಲಿ. ನಿಲ್ಲದಿದ್ದರೆ ಅದರ ಹಿಂದಿನ ತಂತಿಯಲ್ಲೋ ಯಂತ್ರಕದಲ್ಲೋ. ನಮ್ಮದು ನಿಲ್ಲಲಿಲ್ಲ. ಬ್ಯಾಟರಿ ಮತ್ತೆ ಕಳಚಿ, ಮತ್ತೆ ಕಾದು, ಟಾರ್ಚು ಹಿಡಿದು ಆಸನದ ಕೆಳಗೆ ತೂರಿದ. ನಮ್ಮ ಕಾರಿನಲ್ಲಿ ಸಾಧನವಿರುವುದು ಬೆಲ್ಟಿನ ಬಕ್ಕಲಿನ ಬುಡದಲ್ಲಿ. ಆದ್ದರಿಂದ ತಂತಿ ಆಸನದ ಕೆಳಗೇ ಸಾಗಿ ನೆಲದ ಬಳಿಯ ಎರಡನೆಯ ಕೊಂಡಿಗೆ ಸೇರುತ್ತದೆ. ಆಸನ ಹಿಂದುಮುಂದು ಸರಿದಂತೆಲ್ಲ ಅದು ಜಗ್ಗುತ್ತದೆ. ಮಳೆಗಾಲದ ಒದ್ದೆ ಚಪ್ಪಲಿ, ಒದ್ದೆ ಕೊಡೆಗಳ ನೀರು ಅಲ್ಲಿಗಿಳಿದು, ಕೊಂಡಿಯ ಒಂದು ತುದಿ ಹಸಿರುಗಟ್ಟಿತ್ತು.

ಆ ತುದಿಯನ್ನು ಬದಲಿಸಿ, ತಂತಿಗೆ ಸ್ವಲ್ಪ ಸಡಿಲ ಕೊಟ್ಟು ಕಟ್ಟಿ, ಸಾಧನವನ್ನು ಮೊದಲಿನಂತೆ ಜೋಡಿಸಿದ. ಬ್ಯಾಟರಿ ಕೂಡಿಸಿ ಬೀಗ ತಿರುಗಿಸುವಾಗ ಕಾರಿನೊಳಗೆ ಯಾರನ್ನೂ ಕೂರಲು ಬಿಡಲಿಲ್ಲ. ಹೊರಗೆ ನಿಂತು ಕೈ ಮಾತ್ರ ಒಳಕ್ಕೆ ಚಾಚಿದ. ಹಳೆಯ ದೂರನ್ನು ಅಳಿಸಿದ ಮೇಲೆ ದೀಪ ಹತ್ತಿ ಆರಿತು. ನಾನು ಹಣ ಕೊಡಲು ಮುಂದಾದೆ. ಅವನು ತಡೆದು, ಆಸನವನ್ನು ಹತ್ತು ಹನ್ನೆರಡು ಸಲ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿ, ದೀಪ ಮತ್ತೆ ಹತ್ತದಿರುವುದನ್ನು ಕಂಡ ಮೇಲೆಯೇ ಕೀಲಿಯನ್ನು ನನ್ನ ಕೈಗಿತ್ತ.