ಗುಂಡಿನ ನೆರಳು ಹಿಡಿಯುವ ಪೆಟ್ಟಿಗೆ

ಒಮ್ಮೆ ಕಣ್ಣು ಮಿಟುಕಿಸಿ. ಆಯಿತಾ? 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರಲ್ಲ, ಅಂಥ ಬಂದೂಕಿನ ಗುಂಡು ನಿಮ್ಮ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಗುರಿ ಮುಟ್ಟಿರುತ್ತದೆ. ಕಡಲೆಕಾಳಿಗಿಂತ ಚಿಕ್ಕದು, ಸುಮಾರು ಅರ್ಧ ಗ್ರಾಂ ತೂಕ. ಓಟ ಮಾತ್ರ ಸೆಕೆಂಡಿಗೆ 170 ಮೀಟರಿನ ಆಸುಪಾಸು. ಇದನ್ನು ಸ್ಟಾಪ್‌ವಾಚ್ ಒತ್ತಿ ಅಳೆಯಲು ಹೋದರೆ ನಗೆಪಾಟಲೇ ಸರಿ.

ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಇದಕ್ಕೊಂದು ಉಪಾಯ ಹುಡುಕಿ 1742ರಲ್ಲಿ ಪುಸ್ತಕ ಬರೆದ. ಭಾರವಾದ ಹಲಗೆಯನ್ನು ಉಯ್ಯಾಲೆಯಂತೆ ತೂಗುಹಾಕುವುದು, ಅದಕ್ಕೆ ಗುಂಡು ಹೊಡೆಯುವುದು. ಗುಂಡು ಒಳಗೆ ಸಿಕ್ಕಿಕೊಂಡಾಗ ಉಯ್ಯಾಲೆ ನಿಧಾನವಾಗಿ ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತು ಎಂದು ಅಳೆದು, ಎರಡರ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಗುಂಡಿನ ವೇಗ ಸಿಗುತ್ತದೆ. ಅಂದಹಾಗೆ, ಈ ರಾಬಿನ್ಸ್ ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕೆಂದು ಭಾರತಕ್ಕೆ ಬಂದು, 1751ರಲ್ಲಿ ತಮಿಳುನಾಡಿನ ಕಡಲೂರಿನ ಬಳಿಯ ಕೋಟೆಯಲ್ಲೇ ತೀರಿಕೊಂಡ.

ಈಗ ಉಯ್ಯಾಲೆ ಬೇಕಿಲ್ಲ. ಕ್ರೋನೋಗ್ರಾಫ್ ಎಂಬ ಪೆಟ್ಟಿಗೆ ಇದೆ. ಅದರ ಮೇಲೆ ಎರಡು ಕಿಂಡಿ, ಪ್ರತಿ ಕಿಂಡಿಯೊಳಗೆ ಬೆಳಕನ್ನು ಗುರುತಿಸುವ ಒಂದು ಸೆನ್ಸರ್. ಗುಂಡು ಮೇಲಿನಿಂದ ಹಾದುಹೋದಾಗ ಅದರ ನೆರಳು ಮೊದಲ ಕಿಂಡಿಗೆ ಬಿತ್ತೋ, ಗಡಿಯಾರ ಶುರು. ಎರಡನೆಯದಕ್ಕೆ ಬಿತ್ತೋ, ಗಡಿಯಾರ ಬಂದ್. ಕಿಂಡಿಗಳ ನಡುವಿನ ದೂರವನ್ನು ಆ ಸಮಯದಿಂದ ಭಾಗಿಸಿದರೆ ವೇಗ.

ಕಡಿಮೆ ಬೆಲೆಯ ಪೆಟ್ಟಿಗೆ ಸಾಕೇ? ಗಡಿಯಾರ ಕಳಪೆಯಿರಬಹುದು ಎಂದು ನಿಮಗನ್ನಿಸಬಹುದು. ಲೆಕ್ಕ ಹಾಕೋಣ. ಕಿಂಡಿಗಳ ನಡುವೆ 30 ಸೆಂಟಿಮೀಟರ್ ಇದ್ದರೆ ನಮ್ಮ ಗುಂಡು ಅದನ್ನು ದಾಟಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಎರಡು ಭಾಗವೂ ಬೇಡ. ಆದರೆ ಸೆಕೆಂಡಿಗೆ ಹತ್ತು ಲಕ್ಷ ಸಲ ‘ಟಿಕ್’ ಎನ್ನುವ ಪುಟ್ಟ ಗಡಿಯಾರ ಅಷ್ಟರಲ್ಲಿ 1,700ಕ್ಕೂ ಹೆಚ್ಚು ಟಿಕ್ ಎಣಿಸಿರುತ್ತದೆ! ಅಂಥ ಗಡಿಯಾರ ಇಂದು ಅಗ್ಗ. ಎಡವಟ್ಟು ಇರುವುದು ದೂರದಲ್ಲಿ. ನೆರಳು ಬಿದ್ದ ಜಾಗ ಒಂದು ಮಿಲಿಮೀಟರ್ ಆಚೀಚೆಯಾದರೂ, 30 ಸೆಂಟಿಮೀಟರಿನಲ್ಲಿ ಅದು ಮುನ್ನೂರರಲ್ಲಿ ಒಂದು ಪಾಲು ತಪ್ಪು. ಕಿಂಡಿಗಳು 5 ಸೆಂಟಿಮೀಟರ್ ದೂರದಲ್ಲಷ್ಟೇ ಇದ್ದರೆ? ಐವತ್ತರಲ್ಲಿ ಒಂದು ಪಾಲು. ಹಾಗಾಗಿ ನಾನಾದರೆ ಮಿನುಗುವ ಪರದೆಗೆ ಮರುಳಾಗದೆ, ಕಿಂಡಿಗಳು ದೂರದೂರ ಇರುವ, ಅಲುಗಾಡದ ಗಟ್ಟಿ ಪೆಟ್ಟಿಗೆಯನ್ನೇ ಆರಿಸುತ್ತೇನೆ.

ಇನ್ನೊಂದು ತಾಪತ್ರಯ ಬೆಳಕಿನದು. ಗುಂಡಿನ ನೆರಳು ಎದ್ದು ಕಾಣಬೇಕಾದರೆ ಹಿಂದಿನ ಆಕಾಶ ಬೆಳ್ಳಗೆ, ಸಮನಾಗಿ ಇರಬೇಕು. ಕಡುನೀಲಿ ಆಕಾಶ ಆಗದು. ಅದಕ್ಕೇ ಕಿಂಡಿಗಳ ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆಯ ಪುಟ್ಟ ಚಪ್ಪರ ಹಾಕುತ್ತಾರೆ. ತೆಳು ಮೋಡದ ದಿನವಂತೂ ಹಬ್ಬ. ಕೋಣೆಯೊಳಗೆ ಹಳೆಯ ಟ್ಯೂಬ್‌ಲೈಟ್ ಇದ್ದರೆ ಪೇಚಾಟ. ನಮ್ಮ ಕಣ್ಣಿಗೆ ಒಂದೇ ಸಮನೆ ಉರಿಯುವಂತೆ ಕಂಡರೂ ಅದು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತಿರುತ್ತದೆ. ಪಾಪ, ಪೆಟ್ಟಿಗೆ ಆ ಪ್ರತಿ ಮಂಕನ್ನೂ ಗುಂಡೆಂದೇ ತಿಳಿದು, ಯಾರೂ ಹೊಡೆಯದ ಗುಂಡಿಗೂ ಒಂದು ವೇಗ ಹೇಳಿಬಿಡಬಹುದು.