ಮೊಬೈಲ್ ಬ್ಯಾಂಕಿಂಗ್: ಸೇವೆಯ ಗುಣಮಟ್ಟ ಮತ್ತು ಗ್ರಾಹಕರ ವಿಶ್ವಾಸ
(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಉದ್ಯೋಗ ಖಾತರಿಯ ಕೂಲಿ, ಗೃಹಲಕ್ಷ್ಮಿಯ 2,000 ರೂಪಾಯಿ, ವೃದ್ಧಾಪ್ಯ ವೇತನ, ಬೆಳೆ ವಿಮೆ ಪರಿಹಾರ ಇವೆಲ್ಲವೂ ಇಂದು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತವೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಭಾಗದ ರೈತರು ಸೌರ ಉದ್ಯಾನಕ್ಕೆ ಜಮೀನು ನೀಡಿದ್ದಾರೆ. ಎಕರೆಗೆ ವಾರ್ಷಿಕ 21,000 ರೂಪಾಯಿಯಿಂದ ಆರಂಭವಾದ ಆ ಗುತ್ತಿಗೆ ಹಣ ಮಳೆಯನ್ನು ನೆಚ್ಚಿದ್ದ ಕುಟುಂಬಗಳಿಗೆ ಆಧಾರವಾಗಿದೆ. ಆದುದರಿಂದ ಮೊಬೈಲ್ ಬ್ಯಾಂಕಿಂಗ್ ಪೇಟೆಯವರ ಅನುಕೂಲವೆಂಬ ಭಾವನೆ ಇನ್ನು ಸಲ್ಲದು.

ಸೇವೆಯ ಗುಣಮಟ್ಟವೆಂದರೆ ವೇಗ, ಸುಲಭ ಬಳಕೆ, ಸುರಕ್ಷತೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ನಿಡುಗಲ್ ಸೀಮೆಯಲ್ಲಿ ಭಾಷೆಯನ್ನೂ ಇದಕ್ಕೆ ಸೇರಿಸಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತವರ ಮೊಬೈಲಿಗೆ ಇಂಗ್ಲಿಷ್ ಸಂದೇಶ ಬಂದರೆ, ಅದು ಜಮೆಯೋ ಕಡಿತವೋ ಎಂದು ತಿಳಿಯಲು ಅನ್ಯರ ಕೈಗೆ ಫೋನ್ ಕೊಡಬೇಕಾಗುತ್ತದೆ. ಸುರಕ್ಷತೆ ಅಲ್ಲಿಗೇ ಮುರಿಯುತ್ತದೆ.

ವಿಶ್ವಾಸದ ನಿಜವಾದ ಪರೀಕ್ಷೆ ವ್ಯವಹಾರ ವಿಫಲವಾದಾಗ ನಡೆಯುತ್ತದೆ. ಸಂತೆಯಲ್ಲಿ ಕುರಿ ಕೊಂಡವನ ಖಾತೆಯಿಂದ ಹಣ ಕಡಿತವಾಗಿ, ಮಾರಿದವನಿಗೆ ತಲುಪದೆ ಹೋದರೆ, ಮುಂದಿನ ಸಂತೆಗೆ ಇಬ್ಬರೂ ನೋಟನ್ನೇ ನೆಚ್ಚುತ್ತಾರೆ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಇದಕ್ಕೆ ಕಾಲಮಿತಿ ನಿಗದಿಪಡಿಸಿದೆ. ಯುಪಿಐ ಮೂಲಕ ವ್ಯಕ್ತಿಗೆ ಕಳುಹಿಸಿದ ಹಣ ಅವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ಹಿಂದಿರುಗತಕ್ಕದ್ದು. ಅಂಗಡಿಗೆ ಮಾಡಿದ ಪಾವತಿಗೆ, ಹಾಗೆಯೇ ಎಟಿಎಂ ಅಥವಾ ಮೈಕ್ರೋ ಎಟಿಎಂನಿಂದ ಹಣ ಬಾರದಿದ್ದಲ್ಲಿ, 5 ದಿನಗಳ ಅವಧಿಯಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು, ಗ್ರಾಹಕರು ಕೇಳದಿದ್ದರೂ, ಖಾತೆಗೆ ಜಮೆ ಮಾಡತಕ್ಕದ್ದು. ಈ ಹಕ್ಕು ಫಲಾನುಭವಿಗಳಿಗೆ ತಿಳಿದಿರಬೇಕು.

ಹೆಬ್ಬೆರಳ ಗುರುತಿನಿಂದ ಹಣ ಪಡೆಯುವ ವೃದ್ಧರ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಕಲ್ಲುಮಣ್ಣಿನಲ್ಲಿ ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸದು. ಎರಡು ಮೂರು ಬಾರಿ ಒತ್ತಿಸಿಕೊಂಡು “ಸರ್ವರ್ ಇಲ್ಲಮ್ಮ, ನಾಳೆ ಬನ್ನಿ” ಎಂದರೆ, ಖಾತೆಯಲ್ಲಿ ಹಣ ಉಳಿದಿದೆಯೋ ಇಲ್ಲವೋ ಎಂಬುದು ಆ ತಾಯಿಗೆ ತಿಳಿಯುವುದಿಲ್ಲ. ವ್ಯವಹಾರ ವಿಫಲವಾದಾಗಲೂ ರಸೀದಿ ಕೇಳುವುದನ್ನು ವಾರ್ಡ್ ಸಭೆಗಳಲ್ಲಿ ಕಲಿಸಬೇಕು.

ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದ ಪ್ರಕರಣದಲ್ಲಿ, ಬ್ಯಾಂಕಿನ ಸಂದೇಶ ಬಂದ ನಂತರದ 3 ಕೆಲಸದ ದಿನಗಳೊಳಗೆ ದೂರು ನೀಡಿದವರಿಗೆ ನಷ್ಟದ ಹೊಣೆಯಿಲ್ಲ. ಗ್ರಾಹಕರೇ ಒಟಿಪಿ ಹೇಳಿದ್ದರೆ, ದೂರು ನೀಡುವವರೆಗಿನ ನಷ್ಟ ಅವರದೇ, ಅನಂತರದ್ದು ಬ್ಯಾಂಕಿನದು.

ಬ್ಯಾಂಕ್ 30 ದಿನಗಳೊಳಗೆ ದೂರಿಗೆ ಉತ್ತರಿಸದಿದ್ದಲ್ಲಿ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಸದಸ್ಯರು ಇಂತಹ ದೂರುಗಳನ್ನು ದಿನಾಂಕ ಹಾಗೂ ವ್ಯವಹಾರ ಸಂಖ್ಯೆಯೊಂದಿಗೆ ಪಂಚಾಯಿತಿ ಕಚೇರಿಯ ವಹಿಯಲ್ಲಿ ದಾಖಲಿಸಿ, ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಮಿತಿ ಸಭೆಯ ಗಮನಕ್ಕೆ ತರುವುದು.